ಅಗ್ಗದ ಆಯುಧ, ದುಬಾರಿ ಹೊಣೆ

ಯುದ್ಧವಿಮಾನವು ಶ್ರೀಮಂತ ರಾಷ್ಟ್ರಗಳ ಸೊತ್ತೆನಿಸಿದ್ದ ಕಾಲವೊಂದಿತ್ತು. ಅದರ ಅಪಾರ ಬೆಲೆ, ಚಾಲಕನಿಗೆ ಬೇಕಾದ ದೀರ್ಘ ತರಬೇತಿ, ಅವನ ಪ್ರಾಣಕ್ಕಿದ್ದ ಅಪಾಯ, ಇವೆಲ್ಲವೂ ಆಕಾಶದಿಂದ ಕೊಲ್ಲುವ ನಿರ್ಧಾರಕ್ಕೆ ಒಂದು ಬಗೆಯ ಕಡಿವಾಣವಾಗಿದ್ದವು. ಉಕ್ರೇನಿನ ಯುದ್ಧವು ಆ ಕಡಿವಾಣವನ್ನು ಸಡಿಲಿಸಿದೆ.

ಅಲ್ಲಿ ಸುಮಾರು 500 ಡಾಲರಿನ ಪುಟ್ಟ ಡ್ರೋನೊಂದು ಲಕ್ಷಾಂತರ ಡಾಲರಿನ ಟ್ಯಾಂಕನ್ನು ಸುಡಬಲ್ಲದು. ರಷ್ಯ ಬಳಸುವ ಇರಾನ್ ವಿನ್ಯಾಸದ ಶಾಹೆದ್ ಡ್ರೋನಿನ ಬೆಲೆ 20ರಿಂದ 50 ಸಾವಿರ ಡಾಲರ್ ಎಂಬ ಅಂದಾಜಿದೆ. ಅದನ್ನು ತಡೆಯಬಲ್ಲ ಒಂದು ಪೇಟ್ರಿಯಾಟ್ ಕ್ಷಿಪಣಿಗೆ ಸುಮಾರು 40 ಲಕ್ಷ ಡಾಲರ್. 2025ರ ಜೂನ್ 1ರಂದು ಉಕ್ರೇನ್, ಲಾರಿಗಳಲ್ಲಿ ಅಡಗಿಸಿ ಒಯ್ದ 117 ಡ್ರೋನ್‌ಗಳನ್ನು ಬಳಸಿ, ದೂರದ ಸೈಬೀರಿಯವೂ ಸೇರಿದಂತೆ ರಷ್ಯದ ವಾಯುನೆಲೆಗಳ ಮೇಲೆ ದಾಳಿ ನಡೆಸಿತು. ಬಲಹೀನನ ಕೈಗೆ ಕವಣೆ ಸಿಕ್ಕಿತೆಂದು ನಾವು ಮೆಚ್ಚಬಹುದು.

ಆದರೆ ಅದೇ ಕವಣೆ ಬಲಶಾಲಿಯ ಕೈಯಲ್ಲೂ ಇದೆ. ನೀಪರ್ ನದಿಯ ದಡದ ಖೇರ್ಸನ್ ನಗರದಲ್ಲಿ, ಎದುರು ದಡದಿಂದ ಹಾರಿಬರುವ ಡ್ರೋನ್‌ಗಳು ಬೀದಿಯಲ್ಲಿ ನಡೆಯುವವರನ್ನೂ ಆಂಬುಲೆನ್ಸ್‌ಗಳನ್ನೂ ಬೆನ್ನಟ್ಟಿವೆ. ಇದು ನಾಗರಿಕರ ಮೇಲಿನ ಉದ್ದೇಶಪೂರ್ವಕ ದಾಳಿ, ಮಾನವತೆಯ ವಿರುದ್ಧದ ಅಪರಾಧ ಎಂದು 2025ರ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗವು ನಿರ್ಣಯಿಸಿತು.

ಇಲ್ಲೊಂದು ಸೂಕ್ಷ್ಮವನ್ನು ಗಮನಿಸಬೇಕು. ಮೋಡಗಳ ಮೇಲಿಂದ ಬಾಂಬು ಹಾಕಿದವನು, "ಕೆಳಗೆ ಯಾರಿದ್ದರೋ ನಾನರಿಯೆ" ಎನ್ನಬಹುದಿತ್ತು. ಡ್ರೋನ್ ನಡೆಸುವವನಿಗೆ ಆ ನೆಪವಿಲ್ಲ. ಸೈಕಲ್ ತುಳಿಯುವ ಮುದುಕನನ್ನೂ ಅವನ ಕೈಚೀಲವನ್ನೂ ಕ್ಯಾಮೆರಾ ತೋರಿಸುತ್ತದೆ. ಕಾಣದೆ ಕೊಂದದ್ದು ಹೇಗೆಂಬುದು ಹಳೆಯ ಪ್ರಶ್ನೆ; ಕಂಡೂ ಕೊಂದದ್ದು ಹೇಗೆಂಬುದು ಇಂದಿನದು. ಆಯುಧ ಅಗ್ಗವಾದಷ್ಟೂ, ನೋಟ ನಿಚ್ಚಳವಾದಷ್ಟೂ ಹೊಣೆ ಭಾರವಾಗುತ್ತದೆ.

ಈ ಹೊಣೆ ಸೈನಿಕನೊಬ್ಬನದೇ ಅಲ್ಲ. ಅಂಥ ದಾಳಿಗಳ ದೃಶ್ಯಗಳು ಸಂಗೀತದೊಡನೆ ನಮ್ಮ ಮೊಬೈಲುಗಳಿಗೂ ಬರುತ್ತವೆ. ಓಡುತ್ತಿರುವ ಮನುಷ್ಯನ ಕೊನೆಯ ಕ್ಷಣವನ್ನು ನಾವು ಆಟದಂತೆ ನೋಡಿ, ಮತ್ತೊಬ್ಬರಿಗೆ ಕಳುಹಿಸಿ, ಊಟಕ್ಕೆ ಏಳುತ್ತೇವೆ. ಗುಂಡಿ ಒತ್ತದಿದ್ದರೂ ಆ ಕಣ್ಣು ನಮ್ಮದೂ ಆಗಲಿಲ್ಲವೇ?

ಖೇರ್ಸನ್ನಿನ ಜನ ಇಂದು ರಸ್ತೆಗಳ ಮೇಲೆ ಬಲೆ ಕಟ್ಟಿಕೊಂಡು ಬದುಕುತ್ತಿದ್ದಾರೆ. ಮೀನು ಹಿಡಿಯುತ್ತಿದ್ದ ಹಳೆಯ ಬಲೆಗಳನ್ನು ಯುರೋಪಿನ ಬೆಸ್ತರು ಉಕ್ರೇನಿಗೆ ಕಳುಹಿಸಿಕೊಟ್ಟದ್ದೂ ಉಂಟು. ದೂರದಿಂದ ಕಂಡವರಲ್ಲಿ ಅವರೂ ಸೇರಿದ್ದರು. ಕಂಡದ್ದಕ್ಕೆ ನಮ್ಮ ಉತ್ತರವೇನು, ಓದುಗರೇ?