ಸವೆದ ಪುಸ್ತಕದ ಬೆಲೆ

ವಸ್ತುಗಳ ಗುಣವನ್ನು ನೋಡಿ ದರ್ಜೆ ಕಟ್ಟುವುದು ನಮ್ಮ ಸೀಮೆಗೆ ಹೊಸ ವಿದ್ಯೆಯಲ್ಲ. ಆನಗೋಡು ಹೋಬಳಿಯ ರೈತನು ಮೆಕ್ಕೆಜೋಳವನ್ನು ದಾವಣಗೆರೆಯ ಮಾರುಕಟ್ಟೆಗೆ ತಂದಾಗ, ಕೊಳ್ಳುವವನು ಒಂದು ಹಿಡಿ ಕಾಳನ್ನು ಅಂಗೈಯಲ್ಲಿ ಹರಡಿಕೊಂಡು ತೇವವೆಷ್ಟು, ಹುಳು ಹಿಡಿದಿದೆಯೆ, ಕಸವೆಷ್ಟು ಎಂದು ನೋಡುತ್ತಾನೆ. ಹತ್ತಿಯ ಗಿರಣಿಗಳಿಂದ ಹೆಸರಾಗಿದ್ದ ಆ ಊರಿನಲ್ಲಿ ಅರಳೆಯನ್ನು ಬೆರಳಿನಿಂದ ಹಿಂಜಿ ಅದರ ಎಳೆಯ ಗುಣವನ್ನು ಹೇಳಬಲ್ಲವರಿದ್ದರು. ಇದರಿಂದ ಯಾರ ಮನಸ್ಸಿಗೂ ನೋವಾಗದು. ಕಾಳಿರುವುದು ತಿನ್ನುವುದಕ್ಕೆ, ಅರಳೆಯಿರುವುದು ನೂಲುವುದಕ್ಕೆ. ಆ ಉಪಯೋಗಕ್ಕೆ ಎಷ್ಟು ತಕ್ಕುದೋ ಅಷ್ಟು ದರ್ಜೆ. ಆದರೆ ಉಪಯೋಗದಿಂದಲೇ ಸವೆದ ವಸ್ತುವೊಂದು ಪರೀಕ್ಷೆಗೆ ಬಂದರೆ ಹೇಗೆ? ಓದಿ ಓದಿ ಹರಿದ ಪುಸ್ತಕಕ್ಕೆ ಆ ಹರಕು ಕುಂದೊ, ಭೂಷಣವೊ? ಅದಕ್ಕೆ ಬೆಲೆ ಕಟ್ಟುವವನ ಧರ್ಮವೇನು?

ವಿಷಯ ಅಲ್ಪವಾದುದೆಂದು ವಾಚಕರಿಗೆ ತೋರಬಹುದು. ಮಕ್ಕಳ ಚಿತ್ರಕಥೆಯ ಪುಸ್ತಕವೊಂದನ್ನೇ ನಿದರ್ಶನವಾಗಿ ತೆಗೆದುಕೊಂಡರೆ ಅದು ಅಲ್ಪವಲ್ಲವೆಂಬುದು ತಿಳಿದುಬರುತ್ತದೆ. 'ಅಮರ ಚಿತ್ರಕಥೆ' ಮೊದಲು ಹುಟ್ಟಿದುದು ಕನ್ನಡದಲ್ಲಿ. 1965ರಲ್ಲಿ ಇಂಡಿಯಾ ಬುಕ್ ಹೌಸಿನ ಬೆಂಗಳೂರು ಶಾಖೆಯ ಜಿ. ಕೆ. ಅನಂತರಾಮ್ ಅವರ ಪ್ರಯತ್ನದಿಂದ ಪಾಶ್ಚಾತ್ಯ ಕಥೆಗಳ ಹತ್ತು ಪುಸ್ತಕಗಳು ಕನ್ನಡದಲ್ಲಿ ಹೊರಟವು. ಅನಂತರ 11ನೆಯ ಸಂಖ್ಯೆಯ 'ಕೃಷ್ಣ'ದಿಂದ ನಮ್ಮ ಪುರಾಣೇತಿಹಾಸಗಳ ಕಥೆಗಳು ಇಂಗ್ಲಿಷಿನಲ್ಲಿ ಬರತೊಡಗಿದವು. ಅವುಗಳ ಸಂಪಾದಕರಾಗಿದ್ದ ಅನಂತ ಪೈಯವರು ಕಾರ್ಕಳದಲ್ಲಿ 1929ರಲ್ಲಿ ಹುಟ್ಟಿ 2011ರಲ್ಲಿ ತೀರಿಕೊಂಡರು. ಅವರು ಸಹಿ ಹಾಕಿಕೊಟ್ಟ ಹಳೆಯ ಪ್ರತಿಯೊಂದು ಆನಗೋಡಿನ ಒಂದು ಮನೆಯ ಅಟ್ಟದ ಮೇಲೆ ಇದೆಯೆಂದು ಭಾವಿಸೋಣ. ಪುಸ್ತಕದ ಬೆನ್ನು ಸೀಳಿದೆ. ಪಿನ್ನುಗಳಿಗೆ ತುಕ್ಕು ಹಿಡಿದಿದೆ. ಹಾಳೆಗಳ ಅಂಚು ಹಳದಿಯಾಗಿದೆ. ಯಾವುದೋ ಮಗು ಸೀಸದ ಕಡ್ಡಿಯಿಂದ ರಾಕ್ಷಸನಿಗೆ ಇನ್ನೆರಡು ಕೋರೆಗಳನ್ನು ಸೇರಿಸಿದೆ. ರದ್ದಿಯವನು ಇದನ್ನು ತಕ್ಕಡಿಯಲ್ಲಿಟ್ಟು ತೂಗುತ್ತಾನೆ. ಮನೆಯ ಹಿರಿಯರು ಇದನ್ನು ಅಮೂಲ್ಯವೆನ್ನುತ್ತಾರೆ. ಇವರಿಬ್ಬರ ನಡುವೆ ಪರೀಕ್ಷಕನು ನಿಂತಿದ್ದಾನೆ.

ಈ ಪರೀಕ್ಷೆ ಇಂದು ಒಂದು ಶಾಸ್ತ್ರವೇ ಆಗಿದೆ. ಅಮೆರಿಕದಲ್ಲಿ 2000ದಲ್ಲಿ ಮೊದಲಾದ ಸಿಜಿಸಿ ಎಂಬ ಸಂಸ್ಥೆಯವರು ಚಿತ್ರಕಥೆಗಳನ್ನು ನೋಡಿ ಅರ್ಧದಿಂದ ಹತ್ತರವರೆಗೆ ಅಂಕ ಕೊಟ್ಟು, ಪುಸ್ತಕವನ್ನು ಗಟ್ಟಿಯಾದ ಪ್ಲಾಸ್ಟಿಕ್ ಕವಚದಲ್ಲಿ ಮುಚ್ಚಿ ಮುದ್ರೆ ಹಾಕುತ್ತಾರೆ. 1938ರಲ್ಲಿ ಹತ್ತು ಸೆಂಟಿಗೆ ಮಾರಿದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯ ಒಂದು ಪ್ರತಿ, 9.0 ಅಂಕ ಪಡೆದುದು, 2014ರಲ್ಲಿ 32 ಲಕ್ಷ ಡಾಲರುಗಳಿಗೆ ಹೋಯಿತು. ಅಂಥ ಅಂಕ ಬಂದುದು ಏತರಿಂದ? ಆ ಪ್ರತಿಯನ್ನು ಕೈಗಳು ಹೆಚ್ಚು ಮುಟ್ಟದಿದ್ದುದರಿಂದ. ಕಾಳಿನ ದರ್ಜೆ ಅದರ ಉಪಯೋಗಕ್ಕೆ ಸಲ್ಲುವುದನ್ನು ಅಳೆಯುತ್ತದೆ. ಇಂಥ ಪುಸ್ತಕದ ದರ್ಜೆಯಾದರೋ ಅದು ಉಪಯೋಗದಿಂದ ಎಷ್ಟು ದೂರ ಉಳಿಯಿತೆಂಬುದನ್ನು ಅಳೆಯುತ್ತದೆ. ಮುದ್ರೆ ಬಿದ್ದ ಮೇಲಂತೂ ಅದನ್ನು ತೆರೆದು ಓದುವಂತೆಯೇ ಇಲ್ಲ.

ಸಹಿಯ ವಿಚಾರ ಇನ್ನೂ ವಿಚಿತ್ರವಾದುದು. ಆ ಸಂಸ್ಥೆಯವರು ತಮ್ಮ ಸಾಕ್ಷಿಯ ಕಣ್ಣೆದುರಿಗೆ ಹಾಕಿದ ಸಹಿಗೆ ಹಳದಿ ಚೀಟಿಯ ಗೌರವ ಕೊಡುತ್ತಾರೆ. ಸಾಕ್ಷಿಯಿಲ್ಲದ ಸಹಿಯನ್ನು ಮುಖಪುಟದ ಮೇಲಿನ ಬರಹವೆಂದು ದೋಷದ ಲೆಕ್ಕಕ್ಕೆ ಸೇರಿಸುತ್ತಿದ್ದುದುಂಟು. ಶಾಯಿ ಅದೇ, ಕೈ ಅದೇ. ಒಂದು ಕಡೆ ಗುಣ, ಇನ್ನೊಂದು ಕಡೆ ಕಲೆ. ಅನಂತ ಪೈಯವರು ಈಗಿಲ್ಲವಾದುದರಿಂದ ಅವರಿಂದ ಹೊಸದಾಗಿ ಸಾಕ್ಷಿಯ ಮುಂದೆ ಸಹಿ ಪಡೆಯುವಂತೆಯೂ ಇಲ್ಲ. ಆ ಕಟ್ಟುನಿಟ್ಟಿನ ನಿಯಮದಂತೆ ನೋಡಿದರೆ ನಮ್ಮ ಆನಗೋಡಿನ ಪ್ರತಿಗೆ ಸಹಿಯೇ ಒಂದು ಕುಂದು.

ಇಲ್ಲಿ ಸಹೃದಯರು ಕೋಪಗೊಳ್ಳುವುದು ಸಹಜ. "ಪುಸ್ತಕ ಹುಟ್ಟಿದುದು ಓದುವುದಕ್ಕಲ್ಲವೆ? ಹತ್ತು ಮಕ್ಕಳು ಓದಿ ಸವೆಸಿದ ಪ್ರತಿ ಕೃತಾರ್ಥವಾದುದು. ಪೆಟ್ಟಿಗೆಯಲ್ಲಿ ಮಲಗಿದ್ದ ಪ್ರತಿ ವ್ಯರ್ಥವಾದುದು. ವ್ಯರ್ಥಕ್ಕೆ ಒಂಬತ್ತು ಅಂಕ, ಕೃತಾರ್ಥಕ್ಕೆ ಒಂದೇ ಅಂಕ ಎನ್ನುವುದು ಯಾವ ನ್ಯಾಯ?" ಎಂದು ಅವರು ಕೇಳುತ್ತಾರೆ. ಈ ಆಕ್ಷೇಪಣೆಯಲ್ಲಿ ಸತ್ಯವಿದೆ. ಆದರೆ ಅದು ಮೂರು ಬೇರೆ ಬೇರೆ ಸಂಗತಿಗಳನ್ನು ಒಂದಾಗಿ ಬೆರೆಸುತ್ತದೆ. ಸ್ಥಿತಿ ಒಂದು, ಬೆಲೆ ಒಂದು, ಮೌಲ್ಯ ಒಂದು. ಸ್ಥಿತಿಯೆಂಬುದು ವಸ್ತುವಿನಲ್ಲಿ ಇರುವುದು. ಕಣ್ಣುಳ್ಳ ಯಾರು ಬೇಕಾದರೂ ನೋಡಿ ಹೇಳಬಹುದಾದುದು. ಬೆಲೆಯೆಂಬುದು ಕೊಳ್ಳುವವರ ಬಯಕೆಯಲ್ಲಿ ಇರುವುದು. ಇಂದು ಏರಿ ನಾಳೆ ಇಳಿಯತಕ್ಕದ್ದು. ಮೌಲ್ಯವೆಂಬುದು ಆ ಪುಸ್ತಕ ಜನರ ಬಾಳಿನಲ್ಲಿ ಮಾಡಿದ ಕೆಲಸದಲ್ಲಿ ಇರುವುದು, ಅದಕ್ಕೆ ಅಂಕವಿಲ್ಲ. ಪರೀಕ್ಷಕನನ್ನು ನಾವು ಕೇಳುವುದು ಮೊದಲನೆಯದನ್ನು ಮಾತ್ರ. ಅವನು ಪುಸ್ತಕದ ಮೇಲಣ ಪ್ರೀತಿಯಿಂದ ಸೀಳನ್ನು ಮರೆತು ಹೆಚ್ಚು ಅಂಕ ಕೊಟ್ಟನಾದರೆ ಅದು ದಯೆಯಲ್ಲ, ಸುಳ್ಳು. ದೂರದಲ್ಲಿ ಕುಳಿತು ಅವನ ಮಾತನ್ನೇ ನಂಬಿ ಹಣ ಕೊಡುವವನೊಬ್ಬನಿದ್ದಾನೆ.

ಇದಕ್ಕೆ ನಮ್ಮ ಶಾಸನಶಾಸ್ತ್ರದಲ್ಲಿ ಒಂದು ಒಳ್ಳೆಯ ಮಾದರಿಯಿದೆ. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಅದಕ್ಕೆ ಬಹು ಮೊದಲು, ಇವೆಲ್ಲ ಚಿತ್ರದುರ್ಗ ಜಿಲ್ಲೆಯಲ್ಲಿದ್ದಾಗ, ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯ ಕರ್ನಾಟಿಕ'ದ 11ನೆಯ ಸಂಪುಟದಲ್ಲಿ ಈ ಕಡೆಯ ಶಾಸನಗಳನ್ನು ಅಚ್ಚುಮಾಡಿಸಿದರು. ಕಲ್ಲು ಸವೆದು ಅಕ್ಷರ ಕಾಣದಾದ ಎಡೆಯಲ್ಲಿ ಶಾಸನಕಾರರು ಚುಕ್ಕೆಗಳನ್ನಿಟ್ಟು ಮುಂದೆ ಹೋಗುತ್ತಾರೆ. ತಮಗೆ ತೋಚಿದ ಅಕ್ಷರವನ್ನು ಕಲ್ಲಿನ ಅಕ್ಷರವೆಂದು ಬರೆಯುವುದಿಲ್ಲ. ಆ ಚುಕ್ಕೆಗಳಿಂದ ಶಾಸನಕ್ಕೆ ಅವಮಾನವಾಗಲಿಲ್ಲ. ಉಳಿದ ಅಕ್ಷರಗಳ ಮೇಲೆ ನಂಬಿಕೆ ಹುಟ್ಟಿತು. ಪುಸ್ತಕದ ಪರೀಕ್ಷಕನು ಬರೆಯುವ ದೋಷಗಳ ಪಟ್ಟಿ ಆ ಚುಕ್ಕೆಗಳಂತೆ. ಸಾಕ್ಷಿಯಿಲ್ಲದ ಸಹಿಯ ಮಾತೂ ಹೀಗೆಯೇ. "ಇದು ಸುಳ್ಳು ಸಹಿ" ಎಂದು ಹೇಳುವುದಕ್ಕೆ ಪರೀಕ್ಷಕನಿಗೆ ಹಕ್ಕಿಲ್ಲ. "ಹಾಕಿದುದನ್ನು ನಾನು ಕಾಣೆ" ಎಂದು ಹೇಳುವುದು ಅವನ ಕರ್ತವ್ಯ. ಸಹಿಗೆ ಹಣವನ್ನು ಕಟ್ಟುವುದೇ ಹೀನವೆಂದೂ ಹೇಳಲಾಗದು. ಗಾಂಧೀಜಿಯವರೇ ಒಂದೊಂದು ಸಹಿಗೆ ಐದು ರೂಪಾಯಿ ಪಡೆದು ಹರಿಜನ ನಿಧಿಗೆ ಸೇರಿಸುತ್ತಿದ್ದರು.

ಹರಿದುದನ್ನು ಅಂಟಿಸಿ, ಬಣ್ಣ ಹೋದ ಎಡೆಗೆ ಬಣ್ಣ ಹಚ್ಚುವುದು ತಪ್ಪೆ? ತಪ್ಪಲ್ಲ, ಜೀರ್ಣೋದ್ಧಾರ ಪುಣ್ಯದ ಕೆಲಸವೆಂದೇ ನಾವು ನಂಬಿದವರು. ಆದರೆ ಉದ್ಧಾರ ಮಾಡಿದುದನ್ನು ಹೇಳದೆ ಮಾರಿದರೆ ಅದು ತೇವದ ಕಾಳಿನ ಮೇಲೆ ಒಣಗಿದ ಕಾಳನ್ನು ಹರಡಿದಂತೆ.

ಎಲ್ಲಕ್ಕಿಂತ ಕಠಿನವಾದ ಪ್ರಶ್ನೆ ಇನ್ನೊಂದಿದೆ. ಬಲ್ಲವನೊಬ್ಬನು ಈ ಪ್ರತಿಯನ್ನು ರದ್ದಿಯ ರಾಶಿಯಲ್ಲಿ ಕಂಡು, ಏನೂ ಅರಿಯದ ಮನೆಯವರಿಂದ ತೂಕದ ಬೆಲೆಗೆ ಕೊಂಡರೆ ಅದು ವ್ಯಾಪಾರವೊ, ವಂಚನೆಯೊ? ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತ ತನ್ನ ಗ್ರಂಥದಲ್ಲಿ ಇಂಥದೇ ಪ್ರಶ್ನೆಯನ್ನು ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ವರ್ತಕನೊಬ್ಬನು ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದು ಅವನಿಗೊಬ್ಬನಿಗೇ ಗೊತ್ತು. ಅದನ್ನು ಹೇಳಬೇಕೆ? ಕೇಳದುದನ್ನು ಹೇಳಬೇಕಾಗಿಲ್ಲವೆಂದು ಡಯೋಜಿನೀಸನ ಮತ. ಎಲ್ಲವನ್ನೂ ಹೇಳಬೇಕೆಂದು ಆಂಟಿಪೇಟರನ ಮತ. ಹೇಳುವುದೇ ಸರಿಯೆಂದು ಸಿಸೆರೊನ ತೀರ್ಮಾನ.

ನಮಗೂ ಅದೇ ಸರಿಯೆಂದು ತೋರುತ್ತದೆ. ಆದರೆ ಒಂದು ಪ್ರತ್ಯುತ್ತರವನ್ನು ಕೇಳಬೇಕು. ಬಲ್ಲವನ ತಿಳಿವಳಿಕೆ ಬಿಟ್ಟಿಯಾಗಿ ಬಂದುದಲ್ಲ. ವರ್ಷಗಟ್ಟಲೆ ದುಡಿದು ಗಳಿಸಿದುದು. ಅದಕ್ಕೆ ಪ್ರತಿಫಲ ಬೇಡವೆ? ಬೇಕು. ಆ ಪ್ರತಿಫಲವನ್ನು ಅವನು ಬಾಯಿಬಿಟ್ಟು ಕೇಳಲಿ. ಲಾಭದಲ್ಲಿ ಪಾಲು ಪಡೆಯಲಿ. ಎದುರಿಗಿರುವವನ ಅಜ್ಞಾನವನ್ನೇ ತನ್ನ ವಿದ್ಯೆಯ ಸಂಬಳವನ್ನಾಗಿ ಮಾಡಿಕೊಳ್ಳದಿರಲಿ. ಆ ಮನೆಯಲ್ಲಿ ಮಗನ ಕಾಲೇಜಿನ ಶುಲ್ಕಕ್ಕೆ ಹಣವಿಲ್ಲದಿರಬಹುದು. ಅವರಿಗೆ ಹೇಳದೆ ಬಿಟ್ಟ ಒಂದು ಮಾತು ಒಂದು ವರ್ಷದ ವಿದ್ಯೆಯಷ್ಟು ಬೆಲೆಯುಳ್ಳದ್ದಾಗಬಹುದು.

ಪುಸ್ತಕವನ್ನು ಮಾರುವುದೊ, ಇಟ್ಟುಕೊಳ್ಳುವುದೊ ಎಂಬುದು ಮನೆಯವರಿಗೆ ಸೇರಿದ ಮಾತು. ಅವಶ್ಯಕವಾದಾಗ ಮಾರಿದರೆ ಅವರು ನೆನಪನ್ನು ಮಾರಿಕೊಂಡರೆಂದು ದೂಷಿಸುವ ಅಧಿಕಾರ ಯಾರಿಗೂ ಇಲ್ಲ. ಇಟ್ಟುಕೊಂಡರೆ ಅಂಕ ಇನ್ನೂ ಇಳಿಯುತ್ತದೆಂದು ಅಂಜಿ ಮೊಮ್ಮಕ್ಕಳ ಕೈಗೆ ಕೊಡದಿರುವುದು ಮಾತ್ರ ಉಚಿತವಲ್ಲ. ಪರೀಕ್ಷಕನು ಇದ್ದುದನ್ನು ಇದ್ದಂತೆ ಹೇಳಲಿ; ಕೊಳ್ಳುವವನು ತಿಳಿದುದನ್ನು ಬಚ್ಚಿಡದಿರಲಿ; ಒಡೆಯನು ತನಗೆ ಪ್ರಿಯವಾದುದೆಲ್ಲ ಲೋಕಕ್ಕೂ ದುಬಾರಿಯಾಗಬೇಕೆಂದು ಹಟ ಹಿಡಿಯದಿರಲಿ. ಈ ಮೂರೂ ನಡೆದರೆ ಒಂದು ಅಂಕದ ಪುಸ್ತಕಕ್ಕೂ ಅನ್ಯಾಯವಾಗದು. ಆ ಒಂದು ಅಂಕ ಕಾಗದದ ಸ್ಥಿತಿಗೆ ಸಂದುದು. ಅದನ್ನು ಓದಿ ಬೆಳೆದವರ ಲೆಕ್ಕ ಬೇರೆಯಾಗಿಯೇ ಉಳಿಯುತ್ತದೆ.