ವರ್ಲಿಯ ಕಪ್ಪೆ, ಐರೋಲಿಯ ಮೀನು

ಡೊಂಬಿವಲಿಯಿಂದ ಠಾಣೆಗೆ ಲೋಕಲ್ ಹಿಡಿಯುವವರಿಗೆ ಮುಂಬ್ರಾದ ಬಳಿ ಪಾರ್ಸಿಕ್ ಗುಡ್ಡ ದಿನದ ನೋಟ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ದಖ್ಖನ್ನಿನ ನೆಲ ಬಿರಿದು ಉಕ್ಕಿದ ಲಾವಾ ಆರಿ ಆದ ಕರಿಗಲ್ಲು ಅದು. ಲಾವಾ ಜೀವವನ್ನು ಸುಡುತ್ತದೆಯೇ ಹೊರತು ಕಾಯ್ದಿಡುವುದಿಲ್ಲ. "ವಿಕಾಸ ನಿಜವಾದರೆ ನಡುವಿನ ಕೊಂಡಿಗಳೆಲ್ಲಿ?" ಎಂದು ಯಾರಾದರೂ ವಾದಕ್ಕಿಳಿದಾಗ ನನಗೆ ಈ ಗುಡ್ಡ ನೆನಪಾಗುತ್ತದೆ. ಸತ್ತದ್ದೆಲ್ಲ ಪಳೆಯುಳಿಕೆಯಾಗುವುದಿಲ್ಲ, ಅದಕ್ಕೆ ತಕ್ಕ ಕೆಸರು ಬೇಕು, ಮೇಲೆ ಮುಚ್ಚುವ ಪದರ ಬೇಕು.

ಅಂಥ ಕೆಸರು ಇಲ್ಲಿಯೂ ಇತ್ತು. ಒಂದು ಲಾವಾ ಹರಿವು ನಿಂತು ಇನ್ನೊಂದು ಬರುವ ಮುನ್ನ ತಗ್ಗುಗಳಲ್ಲಿ ನೀರು ನಿಂತಿತು, ಹೂಳು ಕೂತಿತು. ಮುಂಬಯಿಯ ವರ್ಲಿ ಗುಡ್ಡದ ಅಂಥ ಪದರದಲ್ಲಿ ಪುಟ್ಟ ಕಪ್ಪೆಗಳ ಎಲುಬುಗಳು ಸಿಕ್ಕವು. ಡೈನೋಸಾರ್‌ಗಳಿಗೆ ಆ ಹೆಸರಿಟ್ಟ ರಿಚರ್ಡ್ ಓವನ್ 1847ರಲ್ಲಿ ಅವನ್ನು ಇಂದಿನ ರಾನಾ ಕುಲಕ್ಕೇ ಸೇರಿಸಿದ. 1859ರಲ್ಲಿ ಡಾರ್ವಿನ್ನನ ಗ್ರಂಥ ಬಂದಾಗ ಇದೇ ಓವನ್ ಅದರ ಕಟು ವಿರೋಧಿಯಾದ. 1930ರಲ್ಲಿ ಪ್ರಾಣಿವಿಜ್ಞಾನಿ ನೋಬಲ್ ಆ ಕಪ್ಪೆಗೆ ಇಂಡೋಬಟ್ರಾಕಸ್ ಎಂಬ ಬೇರೆ ಕುಲವನ್ನೇ ಮಾಡಿದ.

ಅಂದೂ ಕಪ್ಪೆ, ಇಂದೂ ಕಪ್ಪೆ, ಹಾಗಾದರೆ ವಿಕಾಸವಾದದ್ದೇನು? ಚೆನ್ನಾಗಿ ನಡೆಯುತ್ತಿರುವ ಮೈಕಟ್ಟನ್ನು ಬದಲಿಸಲೇಬೇಕೆಂಬ ಹಟ ನಿಸರ್ಗದ ಆಯ್ಕೆಗಿಲ್ಲ. ಮೈಕಟ್ಟು ಉಳಿಯುತ್ತದೆ, ಅದರೊಳಗೇ ಪ್ರಭೇದಗಳು ಕವಲೊಡೆಯುತ್ತವೆ, ಅಳಿಯುತ್ತವೆ. ವರ್ಲಿಯ ಆ ಕಪ್ಪೆ ಇಂದು ಎಲ್ಲೂ ಇಲ್ಲ.

ಐರೋಲಿಯ ಖಾರಿಯಲ್ಲಿ ನೀರು ಇಳಿದಾಗ ಕೆಸರ ಮೇಲೆ ಮೀನು ನಡೆಯುವುದನ್ನು ಕಾಣಬಹುದು. ಮರಾಠಿಯವರು ಅದನ್ನು ನಿವಟಿ ಎನ್ನುತ್ತಾರೆ. ಒದ್ದೆ ಚರ್ಮದಿಂದಲೂ ಉಸಿರಾಡುತ್ತ, ಮುಂದಿನ ಈಜುರೆಕ್ಕೆಗಳನ್ನೂರಿ ಜಿಗಿಯುವ ಅದನ್ನು ಕಂಡಾಗ 'ನಮ್ಮ ಮೂಲಪುರುಷ' ಎನ್ನಬೇಕೆನಿಸುತ್ತದೆ. ಆದರೆ ಅದು ನಮ್ಮ ಅಜ್ಜನಲ್ಲ, ದೂರದ ದಾಯಾದಿ; ನೆಲದ ಮೇಲೆ ಬದುಕುವ ದಾರಿಯನ್ನು ತಾನೇ ಬೇರೆಯಾಗಿ ಕಂಡುಕೊಂಡ ಇಂದಿನ ಮೀನು. ಅದು ಮುಂದೆ ಕಪ್ಪೆಯಾಗಬೇಕಿಲ್ಲ, ಈಗಿನ ಮಂಗ ಮುಂದೆ ಮನುಷ್ಯನಾಗಬೇಕಿಲ್ಲ.

ನೆಲಕ್ಕೇರಿದ ನಮ್ಮ ಕವಲಿನ ಸುಳಿವು 2004ರಲ್ಲಿ ಕೆನಡಾದ ಉತ್ತರ ತುದಿಯಲ್ಲಿ ಸಿಕ್ಕಿತು. ಸುಮಾರು 37.5 ಕೋಟಿ ವರ್ಷ ಹಳೆಯ, ಟಿಕ್ಟಾಲಿಕ್ ಎಂಬ ಮೀನಿನ ಆ ಪಳೆಯುಳಿಕೆ ಅಕಸ್ಮಾತ್ತಾಗಿ ಸಿಕ್ಕದ್ದಲ್ಲ. ಇಂಥ ವಯಸ್ಸಿನ ಶಿಲೆಯಲ್ಲಿ ಇಂಥ ಜೀವಿ ಇರಬೇಕೆಂದು ಲೆಕ್ಕಹಾಕಿ ಹುಡುಕಿದ್ದು.

ಭೂಮಿಯ ದಾಖಲೆ ಅಪೂರ್ಣವೆಂದು ಡಾರ್ವಿನ್ನನೇ ಒಂದು ಇಡೀ ಅಧ್ಯಾಯ ಬರೆದಿದ್ದಾನೆ. ಅಪೂರ್ಣವಾದದ್ದು ಸುಳ್ಳಾಗಬೇಕಿಲ್ಲ. ಸಿಗದ ಎಲುಬನ್ನು ಮುಂದೊಡ್ಡಿ ಸಿಕ್ಕ ಎಲುಬನ್ನು ಅಲ್ಲಗಳೆಯುವುದು ವಾದವೆನಿಸುವುದಿಲ್ಲ.