ಹಳೆಯ ಪೇಟೆಯೂ ಹೊಸ ಗಿರಾಕಿಯೂ

ಪುರಾತನ ಪಟ್ಟಣವನ್ನು ನೋಡಲು ಹೋದವರು ಅಲ್ಲಿ ಸಾಮಾನು ಕೊಳ್ಳುವುದೂ, ಊಟ ಮಾಡುವುದೂ, ವಿನೋದದಲ್ಲಿ ಕಾಲ ಕಳೆಯುವುದೂ ಯುಕ್ತವೇ? ಯುಕ್ತವಲ್ಲವೆಂದು ಹೇಳುವ ಗಂಭೀರ ಜನರುಂಟು. ದೇಗುಲದ ಎದುರಿಗೆ ದೋಸೆಯ ಕಾವಲಿ ಇರುವುದೇ ಅಪಚಾರವೆಂದು ಅವರ ಮತ. ಈ ಪ್ರಶ್ನೆಯನ್ನು ಹಂಪೆಯ ವಿರೂಪಾಕ್ಷ ಬಜಾರಿನಲ್ಲಿ ನಿಂತು ವಿಚಾರಿಸುವುದು ಲೇಸು.

ಬಜಾರು ಹುಟ್ಟಿದ್ದೇ ಕೊಡುಕೊಳ್ಳುವುದಕ್ಕಾಗಿ. 1520ರ ಸುಮಾರಿನಲ್ಲಿ ವಿಜಯನಗರವನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸನು, ಅಲ್ಲಿಯ ಬೀದಿಯಲ್ಲಿ ವಜ್ರ, ಮಾಣಿಕ್ಯ, ಮುತ್ತುಗಳಂತೆಯೇ ನಿಂಬೆ, ಕಿತ್ತಳೆ, ದ್ರಾಕ್ಷಿ, ಕಟ್ಟಿಗೆಗಳೂ ಮಾರಾಟವಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ರತ್ನ ಮಾರುವ ಪಟ್ಟಣಕ್ಕೆ ಸೌದೆ ಮಾರುವುದು ಅಗೌರವವೆನಿಸಲಿಲ್ಲ. ವ್ಯಾಪಾರವಿಲ್ಲದ ಬಜಾರು ಎಣ್ಣೆಯಿಲ್ಲದ ಹಣತೆಯಂತೆ; ರೂಪವುಂಟು, ಬೆಳಕಿಲ್ಲ.

ಆದರೆ ಎದುರು ಪಕ್ಷವೂ ದುರ್ಬಲವಾದುದಲ್ಲ. 1565ರಲ್ಲಿ ಹಾಳಾದ ಈ ನಗರದ ಸ್ಮಾರಕಗಳು 1986ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಕಾಲಕ್ರಮದಲ್ಲಿ ಸಾಲುಮಂಟಪಗಳ ಕಂಬಗಳ ನಡುವೆ ಗೋಡೆಗಳೆದ್ದು, ಮನೆಗಳೂ ಅಂಗಡಿಗಳೂ ಉಪಾಹಾರಗೃಹಗಳೂ ಆಗಿದ್ದವು. ಕಲ್ಲು ತನ್ನ ದೂರನ್ನು ತಾನೇ ಹೇಳಿಕೊಳ್ಳಲಾರದು. ಅದರ ಪರವಾಗಿ ಯಾರಾದರೂ ನುಡಿಯಲೇಬೇಕು. 2011ರ ಜುಲೈ ತಿಂಗಳಲ್ಲಿ ಅಧಿಕಾರಿಗಳು ಅಲ್ಲಿಯ ಅಂಗಡಿ ಮನೆಗಳನ್ನು ಒಡೆಯಿಸಿದರು. ಆ ಕುಟುಂಬಗಳ ಪುನರ್ವಸತಿಗೆ ಕಡ್ಡಿರಾಂಪುರದಲ್ಲಿ ಸ್ಥಳ ಗೊತ್ತಾಯಿತು.

ಕಲ್ಲು ಉಳಿಯಿತೆಂದು ಸಂತೋಷಪಡುವ ನಾವು ಒಂದು ಮಾತನ್ನು ಮರೆಯುತ್ತೇವೆ. ಮಂಟಪದಲ್ಲಿ ಅಂಗಡಿ ಇಟ್ಟವನು ಅಪರಾಧಿಯಾದರೆ, ಬಿಸಿಲಿನಲ್ಲಿ ಬಂದು, ನೆರಳೂ ಎಳನೀರೂ ಅಲ್ಲಿಯೇ ದೊರೆಯಬೇಕೆಂದವನು ಯಾರು? ಗಿರಾಕಿಯಿಲ್ಲದೆ ಅಂಗಡಿ ಹುಟ್ಟದು. ತಪ್ಪು ಇಬ್ಬರದು, ದಂಡ ಮಾತ್ರ ಒಬ್ಬನಿಗೆ. ನಾವು ಛಾಯಾಚಿತ್ರ ತೆಗೆದುಕೊಂಡು ಮನೆ ಸೇರಿದೆವು; ಅವನು ಮನೆ ಬಿಟ್ಟು ಹೊರಟನು.

ಆದುದರಿಂದ ಹಳೆಯ ಪೇಟೆಗೆ ಹೋದವನು ಏನನ್ನೂ ಕೊಳ್ಳಬಾರದೆಂದು ನಾನು ಹೇಳೆನು. ಕೊಳ್ಳಲಿ, ಉಣ್ಣಲಿ, ನಾಲ್ಕು ಜನರೊಡನೆ ನಕ್ಕು ಸಂಜೆಯನ್ನು ಕಳೆಯಲಿ. ಆದರೆ ತನ್ನ ಸೌಕರ್ಯವೆಲ್ಲವೂ ಕಂಬದ ಬುಡದಲ್ಲಿಯೇ ಒದಗಬೇಕೆಂದು ಹಟ ಹಿಡಿಯದಿರಲಿ. ಊರಿನವನು ಈಗ ಎಲ್ಲಿ ಅಂಗಡಿ ಇಟ್ಟಿರುವನೋ ಅಲ್ಲಿಗೆ ತಾನೇ ನಡೆದುಹೋಗಿ, ಕಾಸಿಗೆ ಕಾಸು ಚೌಕಾಸಿ ಮಾಡದೆ ಕೊಳ್ಳಲಿ. ಕಲ್ಲಿಗೆ ಕೈಮುಗಿದು ಮನುಷ್ಯನನ್ನು ಮರೆಯುವುದೂ, ಮನುಷ್ಯನ ನೆಪದಲ್ಲಿ ಕಲ್ಲನ್ನು ಕೆಡಿಸುವುದೂ ಒಂದೇ ತೆರನಾದ ಅವಿವೇಕ. ಅತಿಥಿಯಾಗಿ ಹೋದವನು ಮನೆಯನ್ನು ನೋಡಿದರೆ ಸಾಲದು. ಮನೆಯವರ ಯೋಗಕ್ಷೇಮವನ್ನೂ ವಿಚಾರಿಸತಕ್ಕದ್ದು.